ಹೊನೊಲುಲು–ಕಹುಲುಯಿ ವಿಮಾನ: ಕಿಟಕಿ ಸೀಟನ್ನೇ ಕೇಳಿ

ಮಗ ಹೊನೊಲುಲುವಿನಲ್ಲಿ ಓದುತ್ತಿದ್ದಾನೆ. ಅವನನ್ನು ನೋಡಲು ಹವಾಯಿಗೆ ಹೋದಾಗ ನಾನೂ ನಮ್ಮ ಯಜಮಾನರೂ ಪಕ್ಕದ ಮಾವಿ ದ್ವೀಪಕ್ಕೆ ಹೋಗಿಬಂದೆವು. ಹವಾಯಿಯನ್ ಏರ್‌ಲೈನ್ಸ್ ವಿಮಾನ. ಹೊನೊಲುಲುವಿನಿಂದ ಮಾವಿಯ ಕಹುಲುಯಿ ನಿಲ್ದಾಣಕ್ಕೆ ಸುಮಾರು 160 ಕಿ.ಮೀ. ಬೆಂಗಳೂರು–ಮೈಸೂರಿಗಿಂತ ಒಂಚೂರು ಜಾಸ್ತಿ, ಅಷ್ಟೇ.

ಟಿಕೆಟ್‌ನಲ್ಲಿ 40 ನಿಮಿಷ ಅಂತಿತ್ತು. ನಾನು ವಾಚ್ ನೋಡುತ್ತಲೇ ಕೂತಿದ್ದೆ. ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವುದಕ್ಕೆ ಹಿಡಿದದ್ದು 24 ನಿಮಿಷ. ಮಿಕ್ಕಿದ್ದು ರನ್‌ವೇ ತನಕ ಹೋಗುವುದು, ಸರದಿ ಕಾಯುವುದು, ಇಳಿದ ಮೇಲೆ ಗೇಟಿಗೆ ಬರುವುದು. ಮೇಲೆ ಹತ್ತಿ ಸ್ವಲ್ಪ ಹೊತ್ತಿಗೇ ಇಳಿಯಲು ಶುರು. ಹಾಗಾಗಿ ದೂರದ ಪ್ರಯಾಣದ ವೇಗ ಹಿಡಿದು ಇದಕ್ಕೆ ಲೆಕ್ಕ ಹಾಕಬೇಡಿ.

ನಮ್ಮದು ಬೋಯಿಂಗ್ 717. ಒಂದು ಬದಿ 2 ಸೀಟು, ಇನ್ನೊಂದು ಬದಿ 3. ಎಂಜಿನ್ ಹಿಂದುಗಡೆ ಇರುವುದರಿಂದ ಮುಂದೆ ಕೂತವರಿಗೆ ಸದ್ದು ಕಡಿಮೆ. ಆ ಗಡಿಬಿಡಿಯಲ್ಲೂ ಎಲ್ಲರಿಗೂ ಜ್ಯೂಸ್ ಕೊಟ್ಟರು. ಪ್ಯಾಶನ್ ಫ್ರೂಟ್, ಕಿತ್ತಳೆ, ಸೀಬೆ ಸೇರಿಸಿದ್ದು. 1971ರಲ್ಲಿ ಮಾವಿಯಲ್ಲೇ ಹುಟ್ಟಿದ ಜ್ಯೂಸ್ ಅಂತೆ. ಲೋಟದ ಮೇಲಿನ ಹಾಳೆ ಮೆಲ್ಲಗೆ ಸುಲಿಯಿರಿ, ಇಲ್ಲದಿದ್ದರೆ ಸೀರೆ ಮೇಲೆ ಚೆಲ್ಲುತ್ತದೆ. ಸೀಬೆಯ ಘಮ ತುಂಬ ಹಿಡಿಸಿತು. ಕುಡಿದು ಮುಗಿಸುವ ಮೊದಲೇ ಲೋಟ ತೆಗೆದುಕೊಳ್ಳಲು ಬಂದರು.

ಕಿಟಕಿಯಲ್ಲಿ ಮೊಲೊಕಾಯಿ ದ್ವೀಪ ಕಂಡಿತು. ಕೆಂಪು ಮಣ್ಣು, ಅಂಚಿಗೆ ಬಿಳಿ ನೊರೆ. ಆಮೇಲೆ ಮೋಡದ ಮೇಲೆ ಹಲೆಯಾಕಲಾ ಬೆಟ್ಟದ ನೆತ್ತಿ. 3,055 ಮೀಟರ್ ಎತ್ತರ. ಕಹುಲುಯಿ ಇರುವುದು ಎರಡು ಬೆಟ್ಟಗಳ ನಡುವಿನ ಬಯಲಲ್ಲಿ. ಅಲ್ಲಿ ಗಾಳಿ ನುಗ್ಗುವ ರಭಸಕ್ಕೆ ಇಳಿಯುವಾಗ ವಿಮಾನ ಸರಿಯಾಗಿ ಕುಲುಕಿತು. ನಮ್ಮ ಯಜಮಾನರು ನನ್ನ ಕೈ ಬಿಡಲೇ ಇಲ್ಲ.

ಆಚೆ ಸೀಟಿನ ಅಜ್ಜಿ ಮಾತ್ರ ನೆಮ್ಮದಿಯಾಗಿ ಕಣ್ಣು ಮುಚ್ಚಿ ಕೂತಿದ್ದರು. ಹೊನೊಲುಲುವಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ವಾಪಸಾಗುತ್ತಿದ್ದರಂತೆ. ಮಡಿಲಲ್ಲಿ ಮೊಮ್ಮಕ್ಕಳಿಗೆ ಮಲಸಾದಾ ಡಬ್ಬಿ. ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿದ ತಿಂಡಿ, ನೋಡಿದರೆ ನಮ್ಮ ಮಂಗಳೂರು ಬನ್ಸ್ ನೆನಪಾಗುತ್ತದೆ. ಹೊನೊಲುಲು ಇರುವ ದ್ವೀಪಕ್ಕೂ ಮಾವಿಗೂ ನಡುವೆ ಮೊದಲು ಕಾರು ಹೊತ್ತೊಯ್ಯುವ ದೊಡ್ಡ ಹಡಗೊಂದು ಇತ್ತು, 2009ರಲ್ಲಿ ನಿಂತುಹೋಯಿತು. ಈಗ ಡಾಕ್ಟರಿಗೂ ವಿಮಾನ, ಮದುವೆಗೂ ವಿಮಾನ. ಅಂಥವರನ್ನು ದಿನವೂ ಮುಖ ಗಂಟಿಕ್ಕದೆ ಕರೆದೊಯ್ಯುತ್ತಾರಲ್ಲ, ಅದಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ.

ಬೇಜಾರಾಗಿದ್ದು ಇಳಿದ ಮೇಲೆ. ಬಾಡಿಗೆ ಕಾರಿನ ಕೌಂಟರಿನಲ್ಲಿ ಒಂದು ಗಂಟೆ ನಿಂತೆವು. ಬುಕಿಂಗ್ ಇದ್ದರೂ ಕಾರು ಇನ್ನೂ ತೊಳೆದಿಲ್ಲ ಎಂದರು. ಮಗನ ಮನೆಯಿಂದ ಹೊರಟು ಹೋಟೆಲ್ ರೂಮು ಸೇರಲು ನಾಲ್ಕೂವರೆ ಗಂಟೆ ಬೇಕಾಯಿತು. ನೀವು ಹೋಗುವ ದಿನ ಮಧ್ಯಾಹ್ನದ ತನಕ ಬೇರೇನೂ ಇಟ್ಟುಕೊಳ್ಳಬೇಡಿ. ದೊಡ್ಡ ಸೂಟ್‌ಕೇಸ್ ಮಗನ ಮನೆಯಲ್ಲೇ ಬಿಟ್ಟು ಹೋಗಿದ್ದೆವು. ಚೆಕ್-ಇನ್ ಮಾಡುವ ಲಗೇಜಿಗೆ ಬೇರೆ ದುಡ್ಡು ಕೊಡಬೇಕು.