ಎಡಗೈಯಿಂದ ಶುರುವಾಗುವ ಪಾಠ: ಕುಶಾಲನಗರ ಕಡೆಯ ಒಂದು ಬೈಕ್ ತರಗತಿಯ ವಿಮರ್ಶೆ

ಬೈಕ್ ಕಲಿಯಲು ಹೆಸರು ಕೊಟ್ಟವರನ್ನು ಹಿಂದಿನ ರಾತ್ರಿ ನಿದ್ದೆಗೆಡಿಸುವ ಯೋಚನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಗಾಡಿ ಕೈತಪ್ಪಿ ಮುಂದಕ್ಕೆ ನುಗ್ಗಿದರೆ? ಭಾರ ತಡೆಯಲಾಗದೆ ಬೀಳಿಸಿಬಿಟ್ಟರೆ? ಎಲ್ಲರ ಎದುರು ಮತ್ತೆ ಮತ್ತೆ ಆಫ್ ಆದರೆ? ಹೊಸಬರ ತರಗತಿ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಈ ಪ್ರಶ್ನೆಗಳೇ ಸಾಕು. ಕುಶಾಲನಗರದ ಕಡೆ ನಡೆಯುವ ಈ ನಾಲ್ಕು ಬೆಳಗಿನ ತರಗತಿ ಮೊದಲ ಎರಡಕ್ಕೆ ಸರಿಯಾದ ಉತ್ತರ ಕೊಡುತ್ತದೆ. ಆ ಎರಡು ಹೋದಮೇಲೆ ಮೂರನೆಯದು ಯಾರನ್ನೂ ಹೆಚ್ಚು ಕಾಡುವುದಿಲ್ಲ. ಏರುರಸ್ತೆ ಮತ್ತು ಒದ್ದೆರಸ್ತೆಯ ಪಾಠ ಮಾತ್ರ ಇಲ್ಲ. ಕೊಡಗಿನಲ್ಲಿ ಗಾಡಿ ಓಡಿಸುವವರಿಗೆ ಅದು ಸಣ್ಣ ಕೊರತೆಯಲ್ಲ.

ದಿನಕ್ಕೆ ಎರಡು ಗಂಟೆ ಪಾಠ. ತಂಡಕ್ಕೆ ನಾಲ್ಕೇ ಜನ, ಎರಡು ಗಾಡಿ. ಇಬ್ಬರು ಓಡಿಸುವಾಗ ಇನ್ನಿಬ್ಬರು ನಿಂತು ನೋಡುತ್ತಾರೆ. ಕೊಟ್ಟ ದುಡ್ಡಿಗೆ ಅರ್ಧ ಸಮಯ ನಿಲ್ಲಿಸುತ್ತಾರಲ್ಲ ಎಂದು ಕೆಲವರು ಗೊಣಗುತ್ತಾರೆ. ಆದರೆ ಭಯದಿಂದ ಬಿಗಿಹಿಡಿದ ಎಡಗೈ ಹದಿನೈದು ನಿಮಿಷದೊಳಗೆ ಸೋಲುತ್ತದೆ, ಸೋತ ಕೈಗೆ ಕ್ಲಚ್ಚನ್ನು (ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಜೋಡಿಸುವ, ಬಿಡಿಸುವ ಎಡಗೈಯ ಲಿವರನ್ನು) ನಿಧಾನವಾಗಿ ಬಿಡಲು ಬರುವುದಿಲ್ಲ. ಬೆರಳಿನಿಂದ ಲಿವರ್ ಜಾರಿ ಗಾಡಿ ಜಿಗಿಯುತ್ತದೆ. ಒಬ್ಬರಿಗೇ ಸತತ ಎರಡು ಗಂಟೆ ಗಾಡಿ ಕೊಡುತ್ತೇವೆ ಎನ್ನುವ ಕಡೆಗಿಂತ ಈ ಕ್ರಮವೇ ಮೇಲು.

ಕಲಿಸುವುದು 100 ಸಿಸಿ ಗಾಡಿಯಲ್ಲಿ. ಮನೆಯಲ್ಲಿ ಬುಲೆಟ್ ಇರುವವರು ಅದರಲ್ಲೇ ಕಲಿಸಿ ಎಂದು ಕೇಳುವುದುಂಟು. ಇವರು ಒಪ್ಪುವುದಿಲ್ಲ, ಒಪ್ಪದಿರುವುದೇ ಸರಿ. 100 ಸಿಸಿಯ ಸ್ಪ್ಲೆಂಡರ್ ಪ್ಲಸ್‌ನ ತೂಕ ಸುಮಾರು 112 ಕಿಲೊ, ಸೀಟಿನ ಎತ್ತರ 785 ಮಿಲಿಮೀಟರ್. ಬುಲೆಟ್ ಕಂಪನಿಯದೇ ಆದ ಕ್ಲಾಸಿಕ್ 350 ಸುಮಾರು 195 ಕಿಲೊ, ಸೀಟು 805 ಮಿಲಿಮೀಟರ್. ಎತ್ತರದಲ್ಲಿ ಎರಡೇ ಸೆಂಟಿಮೀಟರ್ ಹೆಚ್ಚು, ತೂಕದಲ್ಲಿ ಎಂಬತ್ತು ಕಿಲೊ ಹೆಚ್ಚು. ನಿಂತಲ್ಲೇ ವಾಲತೊಡಗಿದ ಹಗುರ ಗಾಡಿಯನ್ನು ಹೊಸಬರೂ ಒಂದು ಕಾಲಲ್ಲಿ ತಡೆದು ನಿಲ್ಲಿಸಬಲ್ಲರು. ಭಾರದ ಗಾಡಿ ಒಂದು ಮಿತಿ ದಾಟಿ ವಾಲಿದರೆ ಅನುಭವಿಗಳೂ ಕೈಬಿಡಬೇಕಾಗುತ್ತದೆ. ಒಂದು ಎಚ್ಚರಿಕೆ: 100 ಸಿಸಿಯ ಕೆಲವು ಗಾಡಿಗಳಲ್ಲಿ ಎಲ್ಲ ಗೇರೂ ಪೆಡಲಿನ ಮುಂತುದಿಯನ್ನು ಕೆಳಕ್ಕೆ ಒತ್ತಿದರೆ ಬೀಳುತ್ತವೆ. 150 ಸಿಸಿ ಮತ್ತು ಅದಕ್ಕಿಂತ ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದನೆಯದು ಕೆಳಗೆ, ಉಳಿದವು ಮೇಲೆ. ನಿಮ್ಮ ಮನೆಯ ಗಾಡಿ ಯಾವ ಬಗೆಯದು ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮನೆಗೆ ಬಂದಮೇಲೆ ಗೇರ್ ಏರಿಸಲು ಹೋಗಿ ಇಳಿಸುತ್ತೀರಿ, ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಎಳೆದಾಡುತ್ತದೆ.

ಮೊದಲ ಮುಕ್ಕಾಲು ಗಂಟೆ ಎಂಜಿನ್ ಸ್ಟಾರ್ಟ್ ಮಾಡುವುದೇ ಇಲ್ಲ. ಗಾಡಿಯ ಎಡಕ್ಕೆ ನಿಂತು, ಎರಡೂ ಕೈ ಹ್ಯಾಂಡಲ್ ಮೇಲಿಟ್ಟು, ಸೊಂಟಕ್ಕೆ ಗಾಡಿಯನ್ನು ಸ್ವಲ್ಪ ಒರಗಿಸಿಕೊಂಡು ತಳ್ಳಿಕೊಂಡು ಹೋಗಬೇಕು. ಬಲಗೈಯ ಎರಡು ಬೆರಳು ಮುಂದಿನ ಬ್ರೇಕ್ ಮೇಲೆ. ಇಲ್ಲೇ ಒಂದು ದೊಡ್ಡ ಪಾಠ ಸಿಗುತ್ತದೆ: ಹ್ಯಾಂಡಲ್ ನೇರ ಇದ್ದಾಗ ಬ್ರೇಕ್ ಒತ್ತಿದರೆ ಗಾಡಿ ತೆಪ್ಪಗೆ ನಿಲ್ಲುತ್ತದೆ, ಹ್ಯಾಂಡಲ್ ತಿರುಗಿದ್ದಾಗ ಒತ್ತಿದರೆ ತಿರುಗಿದ ಕಡೆಗೇ ಮಗುಚುತ್ತದೆ. ಹೊಸಬರು ಗಾಡಿ ಬೀಳಿಸುವುದು ವೇಗದಲ್ಲಿದ್ದಾಗ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ನಿಜವಾಗಿ ಬೀಳುವುದು ಹೆಚ್ಚಾಗಿ ಗೇಟಿನ ಬಳಿ, ಅಂಗಳದಲ್ಲಿ, ತಿರುಗಿಸಿ ನಿಲ್ಲಿಸಲು ಹೋಗುವಾಗ. ನಡೆಯುವ ವೇಗದಲ್ಲಿ ನಿಲ್ಲಬೇಕಾದರೆ ಮೊದಲು ಹ್ಯಾಂಡಲ್ ನೇರ ಮಾಡಿ, ಆಮೇಲೆ ಬ್ರೇಕ್ ಹಿಡಿಯಿರಿ.

ಬಿದ್ದ ಗಾಡಿಯನ್ನು ಎತ್ತುವುದನ್ನೂ ಕಲಿಸುತ್ತಾರೆ. ಭಯ ಇಳಿಸುವ ಕೆಲಸದಲ್ಲಿ ಇದಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ, ಏಕೆಂದರೆ ಎತ್ತಲು ಬರುತ್ತದೆ ಎಂದು ಗೊತ್ತಾದ ಕ್ಷಣದಿಂದ ಬೀಳಿಸುವ ಹೆದರಿಕೆ ಅರ್ಧಕ್ಕಿಳಿಯುತ್ತದೆ. ಕ್ರಮ ಹೀಗೆ: ಮೊದಲು ಕೀ ಆಫ್. ಚಕ್ರ ಉರುಳದಂತೆ ಸಾಧ್ಯವಾದರೆ ಗೇರಿಗೆ ಹಾಕಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ. ಸೀಟಿಗೆ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿರುವ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೈಲ್ (ಸೀಟಿನ ಹಿಂದಿನ ಹಿಡಿಕಂಬಿ) ಹಿಡಿಯಿರಿ. ಸೊಂಟ ಬಗ್ಗಿಸದೆ, ತೊಡೆಯ ಬಲದಿಂದ ಹಿಂದಕ್ಕೆ ಪುಟ್ಟ ಹೆಜ್ಜೆ ಇಡುತ್ತ ಏಳಿ. ಎಡಕ್ಕೆ ಬಿದ್ದಿದ್ದರೆ ಸ್ಟ್ಯಾಂಡ್ ಅಡಿಯಲ್ಲಿ ಸಿಕ್ಕಿರುತ್ತದೆ. ಆಗ ಎತ್ತಿದ ರಭಸಕ್ಕೆ ಗಾಡಿ ಆಚೆ ಬದಿಗೆ ಬೀಳದಂತೆ ಕೊನೆಯ ಹಂತದಲ್ಲಿ ನಿಧಾನಿಸಬೇಕು.

ಇನ್ನು ಕ್ಲಚ್. ಈ ತರಗತಿಯ ಜೀವಾಳ ಇದೇ. ಒಂದನೇ ಗೇರ್, ಎರಡೂ ಕಾಲು ನೆಲದ ಮೇಲೆ, ಬಲಗೈ ಆಕ್ಸಿಲರೇಟರ್ ಮುಟ್ಟುವಂತಿಲ್ಲ. ಲಿವರನ್ನು ನೂಲಿನಷ್ಟೇ ಬಿಡುತ್ತ ಬಂದರೆ ಒಂದು ಕಡೆ ಎಂಜಿನ್ ಸದ್ದು ತುಸು ಇಳಿಯುತ್ತದೆ, ಗಾಡಿ ಮುಂದಕ್ಕೆ ಒಲೆಯುತ್ತದೆ. ಕ್ಲಚ್ ಹಿಡಿಯುವ ಜಾಗ ಅದು. ಅಲ್ಲಿಗೆ ಬಂದು ಒಂದು ಅಡಿ ಚಲಿಸಿ ಮತ್ತೆ ಲಿವರ್ ಒಳಗೆಳೆಯಬೇಕು. ಮತ್ತೆ ಬಿಡಬೇಕು, ಮತ್ತೆ ಎಳೆಯಬೇಕು. ಸಮತಟ್ಟು ನೆಲದಲ್ಲಿ ಸಣ್ಣ ಎಂಜಿನ್ ಐಡ್ಲಿಂಗ್‌ನಲ್ಲೇ ಗಾಡಿಯನ್ನು ಎಳೆಯುತ್ತದೆ, ರೇಸ್ ಬೇಕಾಗುವುದಿಲ್ಲ. ಆಫ್ ಆಗುವುದು ಆ ಜಾಗಕ್ಕೆ ಬಂದಮೇಲೆ ಲಿವರನ್ನು ಒಮ್ಮೆಲೇ ಬಿಟ್ಟಾಗ. ಅಲ್ಲಿ ಒಂದೆರಡು ಸೆಕೆಂಡು ಬೆರಳು ತಡೆದು, ಗಾಡಿ ಉರುಳಲು ಶುರುವಾದಮೇಲೆ ಉಳಿದದ್ದನ್ನು ಬಿಟ್ಟರೆ ಆಫ್ ಆಗುವುದಿಲ್ಲ.

ಗಾಡಿ ನುಗ್ಗುವುದಕ್ಕೆ ಕಾರಣ ಬೇರೆ. ಕ್ಲಚ್ ಬಿಟ್ಟಾಗ ಗಾಡಿ ಜಗ್ಗುತ್ತದೆ, ಸವಾರನ ಮೈ ಹಿಂದಕ್ಕೆ ವಾಲುತ್ತದೆ, ಹಿಡಿದ ಬಲಗೈ ಮೈಯ ಜೊತೆಗೇ ಹಿಂದಕ್ಕೆ ಬಂದು ರೇಸ್ ಇನ್ನೂ ತಿರುಗುತ್ತದೆ. ಹೆದರಿದಷ್ಟೂ ಹಿಡಿತ ಬಿಗಿ, ಬಿಗಿಯಾದಷ್ಟೂ ರೇಸ್. ಇದಕ್ಕೆ ಇಲ್ಲಿ ಕಲಿಸುವ ಪರಿಹಾರ ಎರಡು. ಬಲ ಮಣಿಕಟ್ಟು ಹ್ಯಾಂಡಲ್‌ಗಿಂತ ಮೇಲೆ ಎದ್ದಿರದಂತೆ, ತಗ್ಗಿಸಿ ಹಿಡಿಯುವುದು. ಹಾಗೆ ಹಿಡಿದರೆ ಮೈ ಹಿಂದೆ ಹೋದರೂ ರೇಸ್ ಹೆಚ್ಚು ತಿರುಗುವುದಿಲ್ಲ. ಎರಡನೆಯದು, ಏನೇ ಆದರೂ ಎಡಗೈ ಒಳಗೆಳೆಯುವುದು. ಕ್ಲಚ್ ಪೂರ್ತಿ ಎಳೆದರೆ ಎಂಜಿನ್ ಎಷ್ಟೇ ಅರಚಲಿ, ಅದರ ಶಕ್ತಿ ಚಕ್ರಕ್ಕೆ ಹೋಗುವುದಿಲ್ಲ. ತರಬೇತುದಾರರು ನಡುನಡುವೆ ಹೇಳದೆ ಕೇಳದೆ "ಎಡಗೈ!" ಎಂದು ಕೂಗುತ್ತಾರೆ, ತಕ್ಷಣ ಎಳೆಯಬೇಕು. ತಡವಾದರೆ, "ಗಾಬರಿ ಬೇಡ ಮೇಡಂ, ಮೊದಲು ಎಡಗೈ ಎಳೀರಿ, ಆಮೇಲೆ ಬೇಕಾದಷ್ಟು ಹೆದರ್ಕೊಳ್ಳಿ" ಎಂದು ಇನ್ನೊಮ್ಮೆ ಮಾಡಿಸುತ್ತಾರೆ. ಮೊದಲ ದಿನ ಮುಗಿಯುವ ಹೊತ್ತಿಗೆ ತಂಡದ ಎಲ್ಲರ ಕೈಯೂ ಯೋಚಿಸದೆ ಎಳೆಯುವ ಹಂತಕ್ಕೆ ಬಂದಿರುತ್ತದೆ. ಕೈ ಚಿಕ್ಕದಿರುವವರು ಲಿವರಿನ ಕೋನ ಸರಿಮಾಡಿಸಿಕೊಳ್ಳಿ: ಮುಂಗೈ, ಮಣಿಕಟ್ಟು, ಬೆರಳು ಒಂದೇ ಸಾಲಿನಲ್ಲಿರಬೇಕು. ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಸಡಿಲ ಅತಿಯಾದರೆ ಎಷ್ಟು ಎಳೆದರೂ ಕ್ಲಚ್ ಪೂರ್ತಿ ಬಿಡದೆ ಗಾಡಿ ತೆವಳುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಆಗ ಹೊಸಬರು ತಪ್ಪು ತಮ್ಮದೆಂದು ಸುಮ್ಮನಾಗುತ್ತಾರೆ. ಕೇಬಲ್ ಅಡ್ಜಸ್ಟ್ ಮಾಡಿಸಿ.

ಎರಡು ಮತ್ತು ಮೂರನೇ ದಿನ ಗೇರ್ ಬದಲಾವಣೆ, ತಿರುವು, ಎಂಟರ ಆಕಾರ. ಮಡಿಕೇರಿ ಆರ್‌ಟಿಒದಲ್ಲಿ ಪರೀಕ್ಷೆ ಕೊಡುವವರ ಗಮನವೆಲ್ಲ ಈ ಎಂಟರ ಮೇಲೆಯೇ. ಕಾಲು ನೆಲಕ್ಕೆ ಊರುವುದು ಕಣ್ಣಿನ ತಪ್ಪಿನಿಂದ: ಮುಂದಿನ ಚಕ್ರ ನೋಡುತ್ತ ಕೂತರೆ ಗಾಡಿ ಅಲ್ಲೇ ಬೀಳಲು ಹವಣಿಸುತ್ತದೆ. ತಲೆ ಪೂರ್ತಿ ತಿರುಗಿಸಿ ತಿರುವು ಮುಗಿಯುವ ಜಾಗ ನೋಡಬೇಕು, ಹಾಫ್ ಕ್ಲಚ್‌ನಲ್ಲಿ (ಲಿವರನ್ನು ಅರ್ಧವೇ ಬಿಟ್ಟು) ಸಣ್ಣ ರೇಸ್ ಇಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ ವೇಗ ತಡೆಹಿಡಿಯಬೇಕು. ಮುಂದಿನ ಬ್ರೇಕ್ ಮುಟ್ಟಬಾರದು.

ನಾಲ್ಕನೇ ದಿನದ ಬ್ರೇಕ್ ಪಾಠವೂ ಗಟ್ಟಿಯಾಗಿದೆ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಅಡ್ಡ ಬಂದದ್ದನ್ನು ಕಂಡು ಕೈ ಆಡುವಷ್ಟರಲ್ಲಿ ಒಂದು ಸೆಕೆಂಡು ಹೋಗುತ್ತದೆ. ಒಣರಸ್ತೆಯಲ್ಲಿ ಎರಡೂ ಬ್ರೇಕ್ ಹದವಾಗಿ ಹಿಡಿದರೆ ಇನ್ನೂ ಸುಮಾರು 12 ಮೀಟರ್. ಒಟ್ಟು 23. ಒದ್ದೆರಸ್ತೆಯಲ್ಲಿ ಅದು 30 ದಾಟುತ್ತದೆ. ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಎಂದು ಊರಲ್ಲೆಲ್ಲ ಹೇಳುವ ಮಾತನ್ನು ಇಲ್ಲಿ ಅಳಿಸಿಹಾಕುತ್ತಾರೆ. ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಅಲ್ಲೇ. ಕಿತ್ತು ಹಿಡಿಯಬಾರದು, ಹಿಂಡುತ್ತ ಹೋಗಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಗಾಡಿಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ) ಇರುತ್ತದೆ. ಆದರೆ ಮನೆಯಲ್ಲಿರುವುದು ಹಳೆಯ ಗಾಡಿಯಾದರೆ ಎರಡೂ ಇರಲಿಕ್ಕಿಲ್ಲ, ನೋಡಿಕೊಳ್ಳಿ.

ಇಷ್ಟೆಲ್ಲ ಆಗುವುದು ಸಮತಟ್ಟು ಮೈದಾನದಲ್ಲಿ. ಕಲಿತವರು ಮನೆಗೆ ಹೋಗುವುದು ಮಾತ್ರ ಸುಂಟಿಕೊಪ್ಪದ ಏರಿಗೆ, ಸೋಮವಾರಪೇಟೆಯ ತಿರುವುಗಳಿಗೆ, ತೋಟದೊಳಗಿನ ಕಡಿದಾದ ದಾರಿಗೆ. ಏರಿನಲ್ಲಿ ನಿಂತ ಗಾಡಿ ಹೊರಡಿಸುವುದು ಇಲ್ಲಿ ಬೋನಸ್ ಪಾಠವಲ್ಲ, ಮೊದಲ ವಾರದ ಅಗತ್ಯ. ಹೇಳಿ ಮಾಡಿಸಿಕೊಳ್ಳಿ: ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ, ಒಂದನೇ ಗೇರ್, ಸಮತಟ್ಟಿಗಿಂತ ಹೆಚ್ಚು ರೇಸ್. ಕ್ಲಚ್ ಹಿಡಿಯುವ ಜಾಗಕ್ಕೆ ಬಂದು, ಸದ್ದು ಇಳಿದು, ಗಾಡಿ ಮುಂದಕ್ಕೆ ತಳ್ಳತೊಡಗಿದ ಮೇಲಷ್ಟೇ ಬ್ರೇಕ್ ಬಿಡಬೇಕು. ಮೊದಲೇ ಬಿಟ್ಟರೆ ಹಿಂದಕ್ಕೆ ಉರುಳುತ್ತದೆ, ಹೊಸಬರು ಆಗ ಎರಡೂ ಕಾಲು ನೆಲಕ್ಕೆ ಕೊಡುತ್ತಾರೆ, ಬ್ರೇಕಿನ ಮೇಲೆ ಕಾಲೇ ಇರುವುದಿಲ್ಲ.

ಇನ್ನೊಂದನ್ನು ಮೈದಾನ ಯಾವತ್ತೂ ಕಲಿಸಲಾರದು. ನಮ್ಮ ಒಳರಸ್ತೆಗಳಲ್ಲಿ ಡಾಂಬರಿನ ಅಂಚು ಮಳೆಗೆ ಕೊಚ್ಚಿಹೋಗಿ ಪಕ್ಕದ ಮಣ್ಣು ಗೇಣುದ್ದ ಕೆಳಗಿರುತ್ತದೆ. ಎದುರಿಗೆ ಬಸ್ಸು ಬಂತೆಂದು ತೀರಾ ಎಡಕ್ಕೆ ಸರಿದು ಕಾಲಿಟ್ಟರೆ ಕಾಲಿಗೆ ನೆಲ ಸಿಗದೆ ಗಾಡಿ ಎಡಕ್ಕೆ ಮಗುಚುತ್ತದೆ. ಅಂಚಿನಿಂದ ಎರಡಡಿ ಒಳಗೇ ನಿಲ್ಲಿ, ಬಸ್ಸಿನವರು ಜಾಗ ನೋಡಿ ಹೋಗುತ್ತಾರೆ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವ ಅಭ್ಯಾಸ ಯಾರಾದರೂ ಹೇಳಿಕೊಟ್ಟರೆ ಕಿವಿಗೊಡಬೇಡಿ. ಸಂಪಾಜೆ ಘಾಟಿಯಂಥ ಉದ್ದ ಇಳಿತದಲ್ಲಿ ಬ್ರೇಕ್ ಹಿಡಿದೇ ಇಳಿದರೆ ಡ್ರಮ್ ಕಾದು ಹಿಡಿತ ಕುಗ್ಗುತ್ತದೆ. ಎರಡು ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಲಿ, ಬ್ರೇಕ್ ಬೇಕಾದಾಗ ಹಿಡಿದು ಬಿಡುವುದಕ್ಕಿರಲಿ.

ಯಾವ ತಿಂಗಳು ಸೇರಬೇಕು ಎನ್ನುವುದೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರು ಮೈದಾನದಲ್ಲಿ ಕಲಿತರೂ ರಸ್ತೆಗಿಳಿಯುವುದು ಬೇಡ: ಪಾಚಿಗಟ್ಟಿದ ಕಾಂಕ್ರೀಟು, ಕೊಳೆತ ಸಿಲ್ವರ್ ಓಕ್ ಎಲೆ, ಮಂಜು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಪಿಕಪ್ಪು, ಟ್ರ್ಯಾಕ್ಟರುಗಳು ತೋಟದ ಕೆಸರನ್ನು ಡಾಂಬರಿಗೆ ತರುತ್ತವೆ. ಒಣಬೇಸಗೆಯ ನಂತರ ಬೀಳುವ, ಕಾಫಿ ಹೂ ಅರಳಿಸುವ ಹೂಮಳೆಯ ಮೊದಲ ಅರ್ಧಗಂಟೆ ಎಲ್ಲಕ್ಕಿಂತ ಅಪಾಯ, ತಿಂಗಳುಗಟ್ಟಲೆ ಕೂತ ಎಣ್ಣೆ ಮತ್ತು ಧೂಳು ತೇಲಿ ರಸ್ತೆ ಜಾರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಜಾಗ ಬೇಕಿದ್ದರೆ ಕಾಫಿ ಒಣಗಿಸುವ ಕಣದಷ್ಟು ಒಳ್ಳೆಯದು ಇನ್ನೊಂದಿಲ್ಲ. ಕಾಫಿ ಹರಡುವ ಮೊದಲು ಉಪಯೋಗಿಸಿಕೊಳ್ಳಿ.

ಬಟ್ಟೆಯ ವಿಷಯ ಚುಟುಕಾಗಿ. ಐಎಸ್‌ಐ ಗುರುತಿನ ಹೆಲ್ಮೆಟ್ ನಿಮ್ಮದೇ ತನ್ನಿ, ಅಲ್ಲಿ ಕೊಡುವವು ಸಡಿಲ. ಕಣಕಾಲು ಮುಚ್ಚುವ ಶೂ ಇರಲಿ. ಗಮ್‌ಬೂಟ್ ಬೇಡ, ದಪ್ಪ ಅಟ್ಟೆಯಲ್ಲಿ ಗೇರ್ ಬಿದ್ದದ್ದು ಗೊತ್ತಾಗುವುದಿಲ್ಲ, ಮೂತಿ ಲಿವರಿನಡಿ ಸಿಕ್ಕಿಕೊಳ್ಳುತ್ತದೆ. ದುಪಟ್ಟಾ ಜಾಕೆಟ್ಟಿನೊಳಗೆ. ಹೊಟ್ಟೆ ಖಾಲಿ ಬಿಟ್ಟು ಬರಬೇಡಿ, ಹೆದರಿಕೆಗೆ ಹಸಿವು ಸೇರಿದರೆ ಕೈ ನಡುಗುತ್ತದೆ. ನನಗೆ ತುಂಬ ಭಯ ಎಂದು ಮೊದಲೇ ಹೇಳಿದವರಿಗೆ ಇಲ್ಲಿ ಮೈದಾನದ ದೂರದ ತುದಿ ಕೊಡುತ್ತಾರೆ, ಮನೆಯವರನ್ನು ಗೇಟಿನಾಚೆ ಕೂರಿಸುತ್ತಾರೆ. ಸಂಕೋಚವಿಲ್ಲದೆ ಹೇಳಿ.

ಹಣ ಕಟ್ಟುವ ಮೊದಲು ಪೆಟ್ರೋಲ್ ಸೇರಿದೆಯೇ, ಬಿದ್ದು ಲಿವರ್ ಅಥವಾ ಇಂಡಿಕೇಟರ್ ಮುರಿದರೆ ಖರ್ಚು ಯಾರದು, ಐದನೇ ಬೆಳಗ್ಗೆ ಏರುರಸ್ತೆಗೆ ಕರೆದೊಯ್ಯುತ್ತಾರೆಯೇ ಎಂದು ಕೇಳಿ. ಐದನೆಯದಕ್ಕೆ ಬೇರೆ ದುಡ್ಡು ಕೇಳಿದರೂ ಕೊಡಬಹುದು. ರಸ್ತೆಗಿಳಿಯಲು ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಕೈಯಲ್ಲಿರಬೇಕು, ಗೇರ್ ಗಾಡಿಗೆ ವಯಸ್ಸು 18 ತುಂಬಿರಬೇಕು, ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಇರಬೇಕು. ಹಿಂದೆ ಕೂರಿಸಿಕೊಳ್ಳಬಹುದಾದದ್ದು ಲೈಸೆನ್ಸ್ ಇರುವ ಕಲಿಸುವವರನ್ನು ಮಾತ್ರ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಡಿಎಲ್ ಪರೀಕ್ಷೆಗೆ 30 ದಿನ ಕಳೆದಿರಬೇಕು. ಸೆಪ್ಟೆಂಬರ್ ಕೊನೆಗೆ ಎಲ್‌ಎಲ್‌ಆರ್ ಮಾಡಿಸಿ ಅಕ್ಟೋಬರ್‌ನಲ್ಲಿ ಈ ತರಗತಿಗೆ ಸೇರಿದರೆ, ಕೊಯ್ಲಿನ ಗಾಡಿಗಳು ರಸ್ತೆ ತುಂಬುವ ಮೊದಲೇ ನವೆಂಬರ್‌ನಲ್ಲಿ ಪರೀಕ್ಷೆ ಮುಗಿಸಿಕೊಳ್ಳಬಹುದು.