ಎರಡು ಚಳಿಗಾಲ ಹಾರಿಸಿದ ಮೇಲೆ: ಡ್ರೋನ್ ಗಟ್ಟಿ, ಬ್ಯಾಟರಿ ಶೇಕಡಾ ಮಾತ್ರ ನಂಬಬೇಡಿ

250 ಗ್ರಾಂ ಒಳಗಿನ ಮಡಚುವ ಡ್ರೋನ್ ಇದು. ಕ್ಯಾಮೆರಾದ ಅಂಕಿಅಂಶವೆಲ್ಲ ಪೆಟ್ಟಿಗೆಯ ಮೇಲೇ ಇದೆ, ಅದನ್ನು ಬಿಡೋಣ. ಎರಡು ಚಳಿಗಾಲ ಬಳಸಿದ ಮೇಲೆ ಮೊದಲು ಹೇಳಬೇಕಾದ ಮಾತು ಇಷ್ಟೇ: ಚಳಿಯಲ್ಲಿ ಫೋನ್ ಪರದೆಯ ಮೂಲೆಯ ಡ್ರೋನ್ ಬ್ಯಾಟರಿ ಶೇಕಡಾ ನೋಡಿಕೊಂಡು ದೂರ ಹೋಗಬೇಡಿ.

ಲಿಥಿಯಂ ಪಾಲಿಮರ್ ಬ್ಯಾಟರಿ ತಣ್ಣಗಾದಷ್ಟೂ ಅದರ ಒಳಗಿನ ರೋಧ ಏರುತ್ತದೆ. ಚಾರ್ಜ್ ಒಳಗೇ ಇರುತ್ತದೆ, ಆದರೆ ಮೋಟಾರುಗಳು ಜೋರಾಗಿ ಎಳೆದ ಕೂಡಲೇ ವೋಲ್ಟೇಜ್ ದಡಕ್ಕನೆ ಕುಸಿಯುತ್ತದೆ. ಶೇ 50 ತೋರಿಸುತ್ತಿರುವಾಗಲೇ ಎದುರುಗಾಳಿಗೆ ರಿಮೋಟಿನ ಸ್ಟಿಕ್ ಪೂರ್ತಿ ದೂಡಿ ನೋಡಿ, ಬ್ಯಾಟರಿಯೊಳಗಿನ ಒಂದೊಂದು ಸೆಲ್ 3.7ರಿಂದ 3.3 ವೋಲ್ಟ್‌ಗೆ ಬಿದ್ದುಬಿಡುತ್ತದೆ. ಇನ್ನೂ ಕೆಳಗಿಳಿದರೆ ಡ್ರೋನ್ ತಾನಾಗಿಯೇ ನೆಲಕ್ಕಿಳಿಯಲು ಶುರುಮಾಡುತ್ತದೆ. ಕೆಳಗಿರುವುದು ನೀರೋ ಮರವೋ ಅದಕ್ಕೆ ಗೊತ್ತಿಲ್ಲ. ಸೆಲ್ ವೋಲ್ಟೇಜ್ ತೋರಿಸುವ ಪುಟ ಈ ಆ್ಯಪ್‌ನಲ್ಲಿ ಇದೆ, ಆದರೆ ಮೂರು ಮೆನು ದಾಟಿ ಒಳಗೆ. ಮುಖ್ಯ ಪರದೆಯಲ್ಲೇ ಇರಬೇಕಾದ ಸಂಖ್ಯೆ ಅದು. ಚಳಿಯಲ್ಲಿ 3.4 ಕಂಡರೆ ಶೇಕಡಾ ಎಷ್ಟೇ ಇರಲಿ, ನಾನು ವಾಪಸು ತಿರುಗಿಸುತ್ತೇನೆ. ಕಡಿಮೆ ಬ್ಯಾಟರಿಯ ಎಚ್ಚರಿಕೆಯನ್ನೂ ಶೇ 40ಕ್ಕೆ ಏರಿಸಿಟ್ಟಿದ್ದೇನೆ.

ಹಾಗಾಗಿ ಹಾರಿಸುವ ಮುಂಚಿನ ಹದಿನೈದು ನಿಮಿಷವೇ ಮುಖ್ಯ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲೇಬೇಕು, ಅರ್ಧಂಬರ್ಧ ಚಾರ್ಜ್ ಆದದ್ದು ಚಳಿಯಲ್ಲಿ ಬೇಗ ಕೈಕೊಡುತ್ತದೆ. ಡ್ರೋನ್ ಚೀಲದಲ್ಲಿರಲಿ, ಬ್ಯಾಟರಿ ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ಒತ್ತಿಕೊಂಡಿರಲಿ. ಕೈ ಬೆಚ್ಚಗಿಡುವ ಪೊಟ್ಟಣ ಬಳಸುವುದಾದರೆ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ನೇರ ತಾಗಿಸಬೇಡಿ. ಆ್ಯಪ್‌ನಲ್ಲಿ ಬ್ಯಾಟರಿ ಉಷ್ಣಾಂಶ 20 ಡಿಗ್ರಿ ದಾಟಿದೆಯೇ ನೋಡಿಕೊಂಡೇ ಮೇಲೆಬ್ಬಿಸಿ. ಎಬ್ಬಿಸಿದ ಮೇಲೆ ಎರಡು ಮೀಟರ್ ಎತ್ತರದಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲಿಸಿ. ಕರೆಂಟು ಹರಿಯುತ್ತಾ ಹರಿಯುತ್ತಾ ಬ್ಯಾಟರಿ ತಾನೇ ಬೆಚ್ಚಗಾಗುತ್ತದೆ. ಆ ನಿಮಿಷದಲ್ಲಿ ಕಿವಿಗೊಟ್ಟು ಕೇಳಿ: ನಾಲ್ಕು ಮೋಟಾರಿನದೂ ಒಂದೇ ಶ್ರುತಿ ಇರಬೇಕು. ನಡುವೆ ಗರಗರ ಸೇರಿದರೆ ಯಾವುದೋ ಪ್ರೊಪೆಲ್ಲರ್ ಅಂಚು ಕಚ್ಚು ಬಿದ್ದಿದೆ ಎಂದೇ ಲೆಕ್ಕ. ಚಳಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಚಿಕ್ಕ ಕಚ್ಚೂ ಸೀಳಾಗಬಹುದು. ಉಗುರಿನಿಂದ ಅಂಚು ಸವರಿದರೆ ಕಣ್ಣಿಗೆ ಕಾಣದ್ದೂ ಸಿಗುತ್ತದೆ. ಆಮೇಲೆ ಸ್ಟಿಕ್ಕನ್ನು ನಿಧಾನವಾಗಿ ಮೇಲೆ ಒತ್ತಿ ವೋಲ್ಟೇಜ್ ಎಷ್ಟು ಇಳಿಯುತ್ತದೆ ನೋಡಿ. ಚೂರೇ ಇಳಿದರೆ ಹೊರಡಬಹುದು.

ಇನ್ನು ಗಾಳಿ. 10.7 ಮೀಟರ್/ಸೆಕೆಂಡ್ ಗಾಳಿ ತಡೆಯುತ್ತದೆ ಎಂದು ಬರೆದಿದ್ದಾರೆ. ತಡೆಯುವುದು ನಿಜ, ನಿಂತ ಜಾಗ ಬಿಡುವುದಿಲ್ಲ. ವಾಪಸು ಬರುವುದೇ ಬೇರೆ ಲೆಕ್ಕ. ಹವಾಮಾನ ವರದಿಯ ಗಾಳಿಯ ವೇಗ ಸಾಮಾನ್ಯವಾಗಿ ನೆಲದಿಂದ 10 ಮೀಟರ್ ಎತ್ತರದ್ದು. 80, 100 ಮೀಟರ್ ಏರಿದಾಗ ಅದಕ್ಕಿಂತ ಜೋರಾಗಿಯೇ ಇರುತ್ತದೆ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುವುದು ರಿಟರ್ನ್ ಟು ಹೋಮ್ ಮೇಲೆ, ಅಂದರೆ ಡ್ರೋನ್ ತಾನಾಗಿಯೇ ಹೊರಟ ಜಾಗಕ್ಕೆ ವಾಪಸು ಬರುವ ವ್ಯವಸ್ಥೆಯ ಮೇಲೆ. ಗುಂಡಿ ಒತ್ತಿದ ತಕ್ಷಣ ಅದು ಮೊದಲು ಏರುತ್ತದೆ, ನಾವು ಕೊಟ್ಟ ಎತ್ತರ ಮುಟ್ಟುವವರೆಗೆ, ಅಂದರೆ ಗಾಳಿ ಇನ್ನೂ ಜೋರಾಗಿರುವ ಕಡೆಗೇ. ಬರುವುದೂ ಮಾಮೂಲಿ ವೇಗದಲ್ಲಿ. ಗಾಳಿ ಇಲ್ಲದಾಗ ಆ ವೇಗ 10 ಮೀಟರ್/ಸೆಕೆಂಡ್. ಎದುರುಗಾಳಿ 7 ಇದ್ದರೆ ಉಳಿಯುವುದು 3, 400 ಮೀಟರ್ ಬರಲು ಎರಡು ನಿಮಿಷಕ್ಕೂ ಹೆಚ್ಚು. ಅದೇ ಅತಿ ವೇಗದ ಸ್ಪೋರ್ಟ್ ಮೋಡ್‌ನ 16ರಲ್ಲಿ 9 ಉಳಿಯುತ್ತದೆ, ಮುಕ್ಕಾಲು ನಿಮಿಷದಲ್ಲಿ ಕಾಲ ಬುಡದಲ್ಲಿರುತ್ತದೆ. ತಣ್ಣನೆಯ ಬ್ಯಾಟರಿಯ ಜೊತೆ ಆ ಹೆಚ್ಚಿನ ಸುಮಾರು ಒಂದೂವರೆ ನಿಮಿಷ ತುಂಬ ದೊಡ್ಡದು.

ಅದಕ್ಕೇ ಗಾಳಿಯ ದಿನ ಮೊದಲು ಗಾಳಿಗೆ ಎದುರಾಗಿಯೇ ಹೋಗಿ, ವಾಪಸು ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ತಪ್ಪಿ ಗಾಳಿಯ ದಿಕ್ಕಿಗೇ ಹೋಗಿದ್ದರೆ ಆಟೋ ರಿಟರ್ನ್ ರದ್ದು ಮಾಡಿ, ದಾರಿಯಲ್ಲಿ ಮರ, ತಂತಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೆಳಗಿಳಿಸಿ, ಸ್ಪೋರ್ಟ್ ಮೋಡ್‌ಗೆ ಹಾಕಿ ಕೈಯಾರೆ ತನ್ನಿ. ಸ್ಪೋರ್ಟ್ ಮೋಡ್‌ನಲ್ಲಿ ಅಡ್ಡಿ ಗುರುತಿಸುವ ಸೆನ್ಸರ್ ಕೆಲಸ ಮಾಡುವುದಿಲ್ಲ, ಕಣ್ಣು ಡ್ರೋನಿನ ಮೇಲೇ ಇರಲಿ. ಎಲೆ ತುಂಬಿದ ಸಣ್ಣ ಮರಗಳು ಬುಡಸಮೇತ ತೂಗುತ್ತಿದ್ದರೆ ಗಾಳಿ 8 ದಾಟಿದೆ, ಅವತ್ತು ನಾನು ಚೀಲ ಬಿಚ್ಚುವುದೇ ಇಲ್ಲ.

ಇಷ್ಟು ದೂರಿದ ಮೇಲೆ ಇದನ್ನೂ ಹೇಳಬೇಕು: ಗಾಳಿಯಲ್ಲಿ ಇದರ ಗಿಂಬಲ್, ಅಂದರೆ ಕ್ಯಾಮೆರಾ ಅಲುಗದಂತೆ ಹಿಡಿಯುವ ಭಾಗ, ನೋಡುವುದೇ ಒಂದು ಖುಷಿ. ಡ್ರೋನಿನ ಮೈಯೆಲ್ಲ ವಾಲಿಕೊಂಡು ಒದ್ದಾಡುತ್ತಿರುತ್ತದೆ, ಪರದೆಯಲ್ಲಿ ದಿಗಂತ ಗೆರೆ ಎಳೆದ ಹಾಗೆ ನಿಂತಿರುತ್ತದೆ. ತಂಪು ಗಾಳಿ ಸಾಂದ್ರವಾಗಿರುವುದರಿಂದ ಪ್ರೊಪೆಲ್ಲರಿಗೆ ಹಿಡಿತವೂ ಚೆನ್ನಾಗಿ ಸಿಗುತ್ತದೆ. ಚಳಿಗಾಲದ ಬೆಳಗಿನ ಓರೆ ಬಿಸಿಲಲ್ಲಿ ತೆಗೆದ ದೃಶ್ಯಗಳಿಗಾಗಿಯೇ ಇದನ್ನು ಇಟ್ಟುಕೊಂಡಿದ್ದೇನೆ. ಶೂನ್ಯದ ಆಸುಪಾಸಿನಲ್ಲಿ ಮಂಜು ಕವಿದಿದ್ದರೆ ಮಾತ್ರ ಬೇಡವೇ ಬೇಡ. ಪ್ರೊಪೆಲ್ಲರ್ ಅಂಚಿಗೆ ಹಿಮ ಕಟ್ಟಿಕೊಳ್ಳುತ್ತದೆ, ಸದ್ದು ಬದಲಾಗಿ ಮೈ ನಡುಗತೊಡಗಿದರೆ ಆಗಲೇ ಇಳಿಸಿಬಿಡಿ.

ನನ್ನ ಬಜೆಟ್ಟಿನಲ್ಲಿ ಇದಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕೊಳ್ಳುವವರು ಲೆನ್ಸ್ ಫಿಲ್ಟರ್ ಸೆಟ್ಟಿಗೆ ಹಾಕುವ ದುಡ್ಡಲ್ಲಿ ಮೂರನೇ ಬ್ಯಾಟರಿ ತೆಗೆದುಕೊಳ್ಳಿ. ಫೋನ್ ಕೂಡ ಚಳಿಗೆ ದಿಢೀರ್ ಆಫ್ ಆಗಬಹುದು, ಹಾರಿಸುವವರೆಗೂ ಜೇಬಿನಲ್ಲೇ ಇರಲಿ.

ಮನೆಗೆ ಬಂದ ಮೇಲೂ ಅವಸರ ಬೇಡ. ಮೆಮೊರಿ ಕಾರ್ಡ್ ಮತ್ತು ಬ್ಯಾಟರಿಯನ್ನು ಹೊರಗಡೆಯೇ ತೆಗೆದುಕೊಳ್ಳಿ. ಡ್ರೋನನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿ, ಬಾಯಿ ಮುಚ್ಚಿ, ಆಮೇಲೆ ಒಳಗೆ ತನ್ನಿ. ಬೆಚ್ಚಗಿನ ಗಾಳಿಯ ತೇವ ಕವರಿನ ಹೊರಮೈ ಮೇಲೆ ಕೂರುತ್ತದೆ, ಲೆನ್ಸಿನ ಹತ್ತಿರ ಬರುವುದಿಲ್ಲ. ಒಂದು ತಾಸು ಬಿಟ್ಟು ತೆರೆಯಿರಿ. ಬ್ಯಾಟರಿಯನ್ನೂ ಅಷ್ಟೇ ಹೊತ್ತು ಬಿಟ್ಟು ಚಾರ್ಜಿಗಿಡಿ. ಶೂನ್ಯಕ್ಕಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಅಂಟಿಕೊಂಡು ಸೆಲ್ ಶಾಶ್ವತವಾಗಿ ಹಾಳಾಗುತ್ತದೆ.