ಓದೋಕೆ ಸ್ಪೇನ್: ಹತ್ತಕ್ಕೆ ಏಳು, ಮೂರು ಕಳೆದದ್ದು ಎಲ್ಲೆಲ್ಲಿ?

ತುಮಕೂರಿನ ಬಿ.ಎಚ್. ರಸ್ತೆಯಾಗಲಿ, ಕೋಲಾರ, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಸುತ್ತಮುತ್ತಲಾಗಲಿ, ಮಕ್ಕಳನ್ನು ಹೊರದೇಶಕ್ಕೆ ಕಳಿಸುತ್ತೇವೆ ಎನ್ನುವವರ ಬಾಯಲ್ಲಿ ಸ್ಪೇನ್ ಬಗ್ಗೆ ಮೂರು ಮಾತು ಖಾಯಂ: ಫೀಸು ಕಡಿಮೆ, ವಾರಕ್ಕೆ 30 ಗಂಟೆ ಕೆಲಸ ಮಾಡಬಹುದು, ಚಳಿ ಇಲ್ಲ. ಮೊದಲೆರಡು ನಿಜ, ಆದರೆ ಎರಡಕ್ಕೂ ಬಾಲ ಇದೆ. ಮೂರನೆಯದು ಸುಳ್ಳು.

ಸ್ಪೇನಿನ ವಿಶ್ವವಿದ್ಯಾಲಯಗಳು ಹತ್ತಕ್ಕೆ ಅಂಕ ಕೊಡುತ್ತವೆ. 5 ಬಂದರೆ ಪಾಸು, 7ರಿಂದ 'ನೊತಾಬ್ಲೆ' (ಉತ್ತಮ), 9ರಿಂದ 'ಸೊಬ್ರೆಸಾಲಿಯೆಂತೆ' (ಅತ್ಯುತ್ತಮ). ಅದೇ ಅಳತೆಯಲ್ಲಿ ಅಲ್ಲಿನ ವಿದ್ಯಾರ್ಥಿ ಬದುಕಿಗೆ 7 ಕೊಡಬಹುದು. ಕಳೆದ ಮೂರರಲ್ಲಿ ಒಂದೂವರೆ ಕಾಗದಪತ್ರಕ್ಕೆ, ಒಂದು ಮನೆಗೆ, ಅರ್ಧ ಊಟಕ್ಕೆ.

ಫೀಸಿನಿಂದ ಶುರು ಮಾಡೋಣ. ಸರ್ಕಾರಿ ವಿಶ್ವವಿದ್ಯಾಲಯದ ಒಂದು ವರ್ಷವೆಂದರೆ 60 ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಎಷ್ಟು ಎಂದು ಆಯಾ ಪ್ರಾಂತ್ಯದ ಸರ್ಕಾರ ಗೊತ್ತು ಮಾಡುತ್ತದೆ. ಗ್ರನಾಡಾ, ಸೆವಿಲ್ಲೆ ಇರುವ ಆಂದಲುಸಿಯಾದಲ್ಲಿ ಅಧಿಕೃತ ಮಾಸ್ಟರ್ (ಸ್ನಾತಕೋತ್ತರ) ಕೋರ್ಸಿನ ಇಡೀ ವರ್ಷದ ಫೀಸು ಸಾವಿರ ಯೂರೊ ಒಳಗೇ ಮುಗಿಯಬಹುದು. ಮ್ಯಾಡ್ರಿಡ್, ಬಾರ್ಸಿಲೋನಾ ಕಡೆ ಯೂರೋಪಿನ ಹೊರಗಿನವರಿಗೆ ಬೇರೆಯೇ ದರ, ಅದು ಹಲವು ಪಟ್ಟು ಆಗುವುದುಂಟು. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಹೆಸರು ನೋಂದಾಯಿಸಿದರೆ ಅದರ ಕ್ರೆಡಿಟ್‌ ದರ ಏರುತ್ತದೆ, ಮೂರನೇ ಸಲಕ್ಕೆ ಇನ್ನೂ ಏರುತ್ತದೆ. ಬ್ಯಾಕ್ ಇಟ್ಟುಕೊಂಡು ಆಮೇಲೆ ನೋಡಿಕೊಳ್ಳೋಣ ಎನ್ನುವ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಅಭ್ಯಾಸ ಅಲ್ಲಿ ದುಬಾರಿ.

ಇದಕ್ಕಿಂತ ದೊಡ್ಡ ಗುಂಡಿ 'ಅಧಿಕೃತ' ಎಂಬ ಪದದಲ್ಲಿದೆ. ಸ್ಪೇನಿನಲ್ಲಿ ಮಾಸ್ಟರ್ ಎಂಬ ಹೆಸರಲ್ಲಿ ಎರಡು ಬಗೆಯ ಕೋರ್ಸು ನಡೆಯುತ್ತವೆ. 'ಮಾಸ್ತೆರ್ ಉನಿವೆರ್ಸಿತಾರಿಯೊ' ಎಂದಿದ್ದರೆ ಸರ್ಕಾರದ ಮಾನ್ಯತೆ ಇದೆ, ಅದರ ಮೇಲೆ ಪಿಎಚ್.ಡಿ.ಗೂ ಹೋಗಬಹುದು. 'ಮಾಸ್ತೆರ್ ಪ್ರೊಪಿಯೊ' ಅಥವಾ ಈಗಿನ ಹೆಸರಿನಂತೆ 'ಮಾಸ್ತೆರ್ ದೆ ಫೊರ್ಮಾಸಿಯೊನ್ ಪೆರ್ಮನೆಂತೆ' ಎಂದಿದ್ದರೆ ಅದು ಆ ಸಂಸ್ಥೆ ತನ್ನ ಹೆಸರಲ್ಲಿ ಕೊಡುವ ಸರ್ಟಿಫಿಕೇಟು. ಕಲಿಸುವುದು ಚೆನ್ನಾಗಿರಬಹುದು, ಆದರೆ ಪಿಎಚ್.ಡಿ. ಬಾಗಿಲು ಅದರಿಂದ ತೆರೆಯುವುದಿಲ್ಲ. ಇಂಗ್ಲಿಷ್ ಬ್ರೋಷರಿನಲ್ಲಿ ಎರಡಕ್ಕೂ ಒಂದೇ ಹೆಸರು ಹಾಕಿರುತ್ತಾರೆ, ಎಡವಟ್ಟು ಆಗುವುದೇ ಅಲ್ಲಿ. ಸ್ಪೇನ್ ಸರ್ಕಾರದ 'ರುಕ್ತ್' ಎಂಬ ನೋಂದಣಿ ಪಟ್ಟಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕೋರ್ಸಿನ ಸ್ಪ್ಯಾನಿಷ್ ಹೆಸರು ಕೇಳಿ ಬರೆದುಕೊಂಡು ಅದರಲ್ಲಿ ಹುಡುಕಿ. ಇಲ್ಲದಿದ್ದರೆ ಅಡ್ವಾನ್ಸ್ ಕಟ್ಟಬೇಡಿ.

ಈಗ ಕಾಗದಪತ್ರ. ವೀಸಾಕ್ಕೆ ತೋರಿಸಬೇಕಾದ ಹಣ 'ಇಪ್ರೆಮ್' ಎಂಬ ಸರ್ಕಾರಿ ಸೂಚ್ಯಂಕದ ಲೆಕ್ಕ. 2023ರಿಂದ ಅದು ತಿಂಗಳಿಗೆ 600 ಯೂರೊ, ಅಂದರೆ ವರ್ಷಕ್ಕೆ 7,200. ಅಲ್ಲಿ ಹೋಗಿ ದುಡಿಯುತ್ತೇನೆ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಆರು ತಿಂಗಳಿಗಿಂತ ಹೆಚ್ಚು ಇರುವವರಿಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಆ ಸರ್ಟಿಫಿಕೇಟಿನ ಮೇಲೆ ಮೊದಲು ಅಪೊಸ್ಟಿಲ್ (ಕಾಗದ ಅಸಲಿ ಎಂದು ಹೊರದೇಶಕ್ಕೆ ಹೇಳುವ ಸರ್ಕಾರಿ ಮುದ್ರೆ), ಆಮೇಲೆ ಸ್ಪೇನ್ ಸರ್ಕಾರ ಒಪ್ಪಿದ ಭಾಷಾಂತರಕಾರರಿಂದ ತರ್ಜುಮೆ. ಈ ಕ್ರಮ ತಿರುಗುಮುರುಗಾದರೆ ಅಪೊಸ್ಟಿಲ್ ಹಾಳೆ ತರ್ಜುಮೆಯಾಗದೆ ಉಳಿದು ಎರಡನೇ ಸಲ ದುಡ್ಡು ಕೊಡಬೇಕಾಗುತ್ತದೆ. ವಿಮೆ ಸ್ಪೇನಿನಲ್ಲಿ ವ್ಯವಹರಿಸಲು ಅನುಮತಿ ಇರುವ ಕಂಪನಿಯದ್ದೇ ಆಗಬೇಕು, ಪ್ರತಿ ಸಲ ಕೈಯಿಂದ ಪಾಲು ಕೊಡುವ 'ಕೊಪಾಗೊ' ಇರಬಾರದು, ಕಾಯುವ ಅವಧಿಯಾದ 'ಕರೆನ್ಸಿಯಾ'ನೂ ಇರಬಾರದು. ವಿಮಾನದ ಟಿಕೆಟ್ ಜೊತೆ ಬರುವ ಟ್ರಾವೆಲ್ ಇನ್ಶೂರೆನ್ಸ್ ಇಲ್ಲಿ ನಡೆಯುವುದಿಲ್ಲ.

ನಮ್ಮ ಕಡೆಯವರಿಗೇ ಅಂಟಿದ ತಾಪತ್ರಯ ಒಂದಿದೆ, ಹೆಸರು. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಮುಂದೆ ಒಂಟಿ ಹೆಸರು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ. ಸ್ಪೇನಿನವರಿಗೆ ಒಬ್ಬೊಬ್ಬರಿಗೂ ಎರಡೆರಡು ಮನೆತನದ ಹೆಸರು, ಅಪ್ಪನ ಕಡೆಯದು ಮತ್ತು ಅಮ್ಮನ ಕಡೆಯದು. ಅಲ್ಲಿನ ಅರ್ಜಿಯಲ್ಲಿ 'ಪ್ರಿಮೆರ್ ಅಪೆಯಿದೊ', ಅಂದರೆ ಮೊದಲ ಮನೆತನದ ಹೆಸರು, ಕಡ್ಡಾಯ. ಅದನ್ನು ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ. ಆಗ ಕಾಲೇಜಿನವರು ಒಂದು ಥರ, ಬ್ಯಾಂಕಿನವರು ಇನ್ನೊಂದು ಥರ ತುಂಬುತ್ತಾರೆ, ವರ್ಷದ ಕೊನೆಗೆ ಒಬ್ಬನೇ ಹುಡುಗ ಇಬ್ಬರಾಗಿರುತ್ತಾನೆ. ಇನಿಷಿಯಲ್ ಬಿಡಿಸಿ, ಸರ್‌ನೇಮ್ ಜಾಗ ತುಂಬಿದ ಪಾಸ್‌ಪೋರ್ಟನ್ನು ಮೊದಲು ಮಾಡಿಸಿಕೊಂಡು ಆಮೇಲೆ ಅರ್ಜಿ ಹಾಕುವುದು ವಾಸಿ. ಎರಡನೆಯ ಅಪೆಯಿದೊ ಖಾಲಿ ಬಿಟ್ಟರೆ ತೊಂದರೆ ಇಲ್ಲ.

ಇಳಿದ ಮೇಲಿನ ಕೆಲಸ ಇನ್ನೂ ಇದೆ. ವೀಸಾ ಚೀಟಿ ಒಳಗೆ ಬರುವುದಕ್ಕೆ ಮಾತ್ರ. ಆರು ತಿಂಗಳು ಮೀರಿ ಉಳಿಯುವವರು 'ತಿಎ' ಎಂಬ ಗುರುತಿನ ಕಾರ್ಡಿಗೆ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ಅದಕ್ಕೆ ಇಎಕ್ಸ್-17 ನಮೂನೆ, ಶುಲ್ಕ ಕಟ್ಟಿದ 790-012 ಚಲನ್, ಫೋಟೊ, ಜೊತೆಗೆ ನಗರಸಭೆಯಲ್ಲಿ 'ಎಂಪದ್ರೊನಾಮಿಯೆಂತೊ' ಆದ ಚೀಟಿ. ಈ ಕೊನೆಯದು ನಮ್ಮ ವಾಸಸ್ಥಳ ದೃಢೀಕರಣದ ಹಾಗೆ, ಆದರೆ ಬಾಡಿಗೆ ಕರಾರು ಇಲ್ಲದೆ ಸುಲಭಕ್ಕೆ ಆಗುವುದಿಲ್ಲ. ಎಲ್ಲಕ್ಕೂ 'ಸೀತಾ ಪ್ರೇವಿಯಾ', ಅಂದರೆ ಮೊದಲೇ ಪಡೆದ ಟೈಮು. ಹೆಸರು ಕೇಳಿ ಭಕ್ತಿ ಬರಬೇಕಿಲ್ಲ, ಈ ಸೀತೆಯನ್ನು ಹುಡುಕುವುದು ಲಂಕೆಯಲ್ಲಿ ಹುಡುಕಿದ್ದಕ್ಕಿಂತ ಕಷ್ಟ. ಬಾರ್ಸಿಲೋನಾ, ಮ್ಯಾಡ್ರಿಡ್‌ನಲ್ಲಿ ವಾರಗಟ್ಟಲೆ ಖಾಲಿ ಟೈಮೇ ತೋರಿಸುವುದಿಲ್ಲ. ದುಡ್ಡಿಗೆ ಟೈಮ್ ಮಾರುವವರು ಹುಟ್ಟಿಕೊಂಡಿದ್ದಾರೆ, ಅಲ್ಲಿಗೆ ಹೋಗಬೇಡಿ. ಅದು ಸರ್ಕಾರ ಬಿಟ್ಟಿ ಕೊಡುವ ಟೈಮು. ಪ್ರಯತ್ನಿಸಿದ ದಿನಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ತಡ ಏಕಾಯಿತು ಎಂದು ತೋರಿಸಲಿಕ್ಕಾಗುತ್ತದೆ. ಕಾರ್ಡ್ ನವೀಕರಣದ ನಡುವೆ ಊರಿಗೆ ಹಬ್ಬಕ್ಕೆ ಬರಬೇಕಾದರೆ 'ಔತೊರಿಸಾಸಿಯೊನ್ ದೆ ರೆಗ್ರೆಸೊ' ಎಂಬ ಪತ್ರ ತೆಗೆದುಕೊಂಡೇ ಹೊರಡಬೇಕು. ಮರೆತರೆ ವಾಪಸ್ ಹೋಗುವಾಗ ವಿಮಾನ ಹತ್ತಿಸುವುದಿಲ್ಲ.

ವಾರಕ್ಕೆ 30 ಗಂಟೆ ಕೆಲಸದ ಮಾತು ಉನ್ನತ ಶಿಕ್ಷಣದವರಿಗೆ ನಿಜ. ಬರೀ ಭಾಷೆ ಕಲಿಯುವ ಕೋರ್ಸಿಗೆ ಹೋದವರಿಗೆ ಅದು ತಾನಾಗಿ ಬರುವುದಿಲ್ಲ. ಸ್ಪ್ಯಾನಿಷ್ ಬಾರದವರಿಗೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು ಬಿಟ್ಟರೆ ಹೆಚ್ಚೇನೂ ಸಿಗದು. ಭಾಷೆ ಒಂದು ಹಂತಕ್ಕೆ ಬರುವವರೆಗೆ, ಮೊದಲ ಆರು ತಿಂಗಳು, ಸಂಬಳ ಸೊನ್ನೆ ಎಂದೇ ಮನೆಯವರು ಲೆಕ್ಕ ಹಾಕಿಕೊಳ್ಳಲಿ.

ಮನೆ ವಿಚಾರದಲ್ಲಿ ಸಿಹಿ ಸುದ್ದಿ ಒಂದಿದೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಮನೆ ಕರಾರಿಗೆ ಕಾನೂನು ಹೇಳುವ 'ಫಿಯಾನ್ಸಾ' ಒಂದು ತಿಂಗಳ ಬಾಡಿಗೆ, ಅದರ ಮೇಲೆ ಹೆಚ್ಚಿನ ಭದ್ರತೆ ಕೇಳುವುದುಂಟು. ರೂಮು ನೋಡದೆ, ಕೀ ಕೈಗೆ ಬಾರದೆ ಹಣ ಕಳಿಸಿ ಎಂದವರು ಮೋಸಗಾರರು, ಇದಕ್ಕೆ ಎರಡು ಮಾತಿಲ್ಲ. ಜಾಹೀರಾತಿನಲ್ಲಿ 'ಇಂತೆರಿಯೊರ್' ಎಂದಿದ್ದರೆ ಆ ರೂಮಿನ ಕಿಟಕಿ ಬೀದಿಗಲ್ಲ, ಕಟ್ಟಡದ ನಡುವಿನ ಗೂಡಿಗೆ ತೆರೆಯುತ್ತದೆ. ಆ ಗೂಡಿಗೆ 'ಪಾತಿಯೊ ದೆ ಲುಸೆಸ್', ಬೆಳಕಿನ ಅಂಗಳ ಎಂದು ಹೆಸರು. ಅಲ್ಲಿ ಹಾಡಹಗಲೇ ಲೈಟು ಹಾಕಬೇಕು. ಕರಾರಿಗೆ ಸಹಿ ಹಾಕುವ ಮುಂಚೆ ಕೇಳಬೇಕಾದ್ದು ಎರಡೇ ಪ್ರಶ್ನೆ. ಎಂಪದ್ರೊನಾಮಿಯೆಂತೊಗೆ ಒಪ್ಪುತ್ತೀರಾ? ಕರೆಂಟಿನ 'ಪೊತೆನ್ಸಿಯಾ' ಎಷ್ಟು?

ಎರಡನೆಯದನ್ನು ಯಾರೂ ಕೇಳುವುದಿಲ್ಲ, ಚಳಿಗಾಲದಲ್ಲಿ ಪೇಚಾಡುತ್ತಾರೆ. ಅಲ್ಲಿ ಪ್ರತಿ ಮನೆಗೆ ಇಷ್ಟು ಕಿಲೋವ್ಯಾಟ್ ಎಂದು ಕರಾರು ಇರುತ್ತದೆ, ಹಳೇ ಮನೆಗಳಲ್ಲಿ ಸಾಮಾನ್ಯವಾಗಿ 3.45. ಎಣ್ಣೆ ತುಂಬಿದ ಹೀಟರ್ 2,000 ವ್ಯಾಟ್, ಗಾಜಿನ ಹಾಸಿನ ಕರೆಂಟ್ ಒಲೆಯ ದೊಡ್ಡ ಬರ್ನರ್ 1,800. ಎರಡೂ ಒಟ್ಟಿಗೆ ಹಾಕಿದರೆ 3,800, ಕರಾರು ಮೀರಿ ಇಡೀ ಮನೆ ಕತ್ತಲಾಗಬಹುದು. ಫ್ಯೂಸ್ ಹೋಗಿದೆ ಎಂದು ಎಲೆಕ್ಟ್ರಿಷಿಯನ್ ಕರೆಸಬೇಡಿ. ಒಂದು ಉಪಕರಣ ಆಫ್ ಮಾಡಿ, ಬಾಗಿಲ ಹತ್ತಿರದ ಡಬ್ಬಿಯಲ್ಲಿ ಮುಖ್ಯ ಸ್ವಿಚ್ ಇಳಿಸಿ, ಕೆಲವು ಸೆಕೆಂಡ್ ಬಿಟ್ಟು ಎತ್ತಿದರೆ ಬರುತ್ತದೆ. ಗಂಟೆವಾರು ದರದ ಮೀಟರಾದರೆ ವಾರದ ದಿನಗಳಲ್ಲಿ ಬೆಳಿಗ್ಗೆ 10ರಿಂದ 2, ಸಂಜೆ 6ರಿಂದ 10 ತುಟ್ಟಿ ಹೊತ್ತು. ರಾತ್ರಿ 12ರಿಂದ 8 ಮತ್ತು ಶನಿವಾರ, ಭಾನುವಾರ ಅಗ್ಗ. ವಾಷಿಂಗ್ ಮೆಷಿನ್‌ಗೆ ಭಾನುವಾರ ಇರುವುದೇ ಅದಕ್ಕೆ.

ಚಳಿ ಇಲ್ಲ ಎಂದವರಿಗೆ ಸಲಮಾಂಕಾ ತೋರಿಸಬೇಕು. ತುಮಕೂರಿನ ಹಾಗೆಯೇ ಸುಮಾರು 800 ಮೀಟರ್ ಎತ್ತರದ ಊರು, 1218ರಿಂದ ವಿಶ್ವವಿದ್ಯಾಲಯ ಇದೆ, ಜನವರಿ ರಾತ್ರಿ ಸೊನ್ನೆಗಿಂತ ಕೆಳಗೆ. ಗ್ರನಾಡಾದ ಚಳಿಯೂ ಹಾಗೇ. ಹೊರಗಿನ ಚಳಿ ಕೋಟು ಹಾಕಿದರೆ ಹೋಗುತ್ತದೆ, ಆದರೆ ಹಳೇ ಕಟ್ಟಡಗಳ ಟೈಲ್ಸ್ ನೆಲ, ತೆಳು ಗೋಡೆ ಒಳಗಿನ ಚಳಿಯನ್ನು ಹಿಡಿದಿಡುತ್ತವೆ. 'ಕಾಲೆಫಾಕ್ಸಿಯೊನ್ ಸೆಂತ್ರಾಲ್', ಅಂದರೆ ಇಡೀ ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆ, ಇರುವ ಮನೆಗೆ ಐವತ್ತು ಯೂರೊ ಜಾಸ್ತಿಯಾದರೂ ಕೊಡಬಹುದು. ಬೇಸಿಗೆಯಲ್ಲಿ ಸೆವಿಲ್ಲೆ, ಕೊರ್ದೊಬಾ 40 ಡಿಗ್ರಿ ದಾಟುತ್ತವೆ.

ಮೆಚ್ಚುವಂಥದ್ದು ಓಡಾಟ. ಮ್ಯಾಡ್ರಿಡ್‌ನಲ್ಲಿ 26 ತುಂಬದವರಿಗೆ 'ಅಬೊನೊ ಹೋವೆನ್' ಪಾಸಿನ ಮೂಲ ದರ ತಿಂಗಳಿಗೆ 20 ಯೂರೊ, ವರ್ಷ ನೋಡಿಕೊಂಡು ರಿಯಾಯಿತಿಯೂ ಇರುತ್ತದೆ. ಮೆಟ್ರೊ, ಬಸ್ಸು, ಸುತ್ತಲ ಊರಿನ ರೈಲು ಎಲ್ಲಾ ಅದರಲ್ಲೇ. ರಾತ್ರಿ ಹತ್ತಕ್ಕೂ ಬೀದಿ ತುಂಬ ಅಜ್ಜ ಅಜ್ಜಿ, ಮಕ್ಕಳು. ಹೆಣ್ಣುಮಕ್ಕಳನ್ನು ಕಳಿಸುವ ಮನೆಯವರಿಗೆ ಇದು ದೊಡ್ಡ ಸಮಾಧಾನ. ಜೇಬುಗಳ್ಳರು ಮಾತ್ರ ಇದ್ದಾರೆ, ಬಾರ್ಸಿಲೋನಾ ಮೆಟ್ರೊದಲ್ಲಿ ಬ್ಯಾಗು ಎದೆಗೆ. ಭಾಷೆಯೂ ನಮ್ಮ ನಾಲಿಗೆಗೆ ಒಗ್ಗುತ್ತದೆ. ಅ, ಎ, ಇ, ಒ, ಉ ಐದೇ ಸ್ವರ, ತ-ದ ನಮ್ಮವೇ, ಬರೆದಂತೆ ಓದು. ಬಾರ್ಸಿಲೋನಾದಲ್ಲಿ ಕತಲಾನ್ ಕೂಡ ಇದೆ. ಬಂಗಾರಪೇಟೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಅಂಗಡಿಯಲ್ಲಿ ಕೇಳಿ ಬೆಳೆದವರಿಗೆ ಅದು ದೊಡ್ಡ ವಿಷಯವಲ್ಲ. ಆದರೂ ಯಾವ ವಿಷಯ ಯಾವ ಭಾಷೆಯಲ್ಲಿ ಎಂದು 'ಗೀಯಾ ದೊಸೆಂತೆ' ಎಂಬ ಪಠ್ಯವಿವರದ ಪತ್ರದಲ್ಲಿ ನೋಡಿಕೊಂಡೇ ಆರಿಸಿ.

ಊಟಕ್ಕೆ ಕಳೆದದ್ದು ಅರ್ಧ ಅಂಕ, ಸಸ್ಯಾಹಾರಿಗಳು ಬೇಕಾದರೆ ಒಂದು ಕಳೆಯಲಿ. ಮಧ್ಯಾಹ್ನದ ಊಟ 2ಕ್ಕೆ, ರಾತ್ರಿಯದು 9ರ ಮೇಲೆ. ಸಂಜೆ 6ಕ್ಕೆ ಹೋಟೆಲಿನ ಅಡುಗೆಮನೆಯೇ ಮುಚ್ಚಿರುತ್ತದೆ. 'ಕಾರ್ನೆ' (ಮಾಂಸ) ಬೇಡ ಎಂದರೆ ಟ್ಯೂನಾ ಮೀನು, ಹಂದಿಯ 'ಹಮೋನ್' ಹಾಕಿ ತರುತ್ತಾರೆ. ಅವರ ಪ್ರಕಾರ ಅವು ಕಾರ್ನೆ ಅಲ್ಲ. 'ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್' (ಮಾಂಸ, ಮೀನು, ಹಮೋನ್ ಯಾವುದೂ ಬೇಡ) ಎಂದು ಮೂರೂ ಹೇಳಬೇಕು. ಹುರುಳಿಕಾಯಿ ಪಲ್ಯದಲ್ಲೂ ಹಮೋನ್ ಚೂರು ಇರುತ್ತದೆ, ಕರಿದ ಉಂಡೆಯಾದ ಕ್ರೊಕೆತಾದಲ್ಲಂತೂ ಇದ್ದೇ ಇರುತ್ತದೆ ಎಂದುಕೊಳ್ಳಿ. ನಂಬಬಹುದಾದವು ಪಾನ್ ಕೊನ್ ತೊಮಾತೆ (ಟೊಮೆಟೊ ಹಚ್ಚಿದ ಬ್ರೆಡ್), ಗಾಸ್ಪಾಚೊ (ತಣ್ಣನೆ ತರಕಾರಿ ಸೂಪು), ಪಿಮಿಯೆಂತೊಸ್ ದೆ ಪದ್ರೊನ್ (ಹುರಿದ ಸಣ್ಣ ಹಸಿರು ಮೆಣಸಿನಕಾಯಿ). ಕುಡಿಯುವ ನಲ್ಲಿ ನೀರನ್ನು ಹೋಟೆಲಿನವರು ಪುಕ್ಕಟೆ ಕೊಡಬೇಕೆಂದು 2022ರ ಕಾನೂನಿದೆ, 'ಆಗ್ವಾ ದೆಲ್ ಗ್ರಿಫೊ' ಎಂದು ಕೇಳಿ. ತೊಗರಿಬೇಳೆ, ಕರಿಬೇವು ಮ್ಯಾಡ್ರಿಡ್‌ನ ಲವಪಿಯೆಸ್, ಬಾರ್ಸಿಲೋನಾದ ರವಾಲ್ ಬೀದಿಗಳಲ್ಲಿ ಸಿಗುತ್ತವೆ. ರಾಗಿ ಮಾತ್ರ ಹುಡುಕಾಟ.

ಹೋಗುವಾಗ ಏನು ಕಟ್ಟಿಕೊಡಬಹುದು ಎಂಬುದಕ್ಕೆ ಯೂರೋಪಿನ ನಿಯಮ ನಮ್ಮ ಮೂರು ಜಿಲ್ಲೆಗೂ ಬೇರೆ ಬೇರೆ ತೀರ್ಪು ಕೊಟ್ಟಂತಿದೆ. ಶ್ರೀನಿವಾಸಪುರದ ಮಾವು, ಚಿಕ್ಕಬಳ್ಳಾಪುರದ ದ್ರಾಕ್ಷಿ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ತಿಪಟೂರಿನ ತೆಂಗಿನಕಾಯಿಗೆ ಅಡ್ಡಿ ಇಲ್ಲ. ಅನಾನಸ್, ಬಾಳೆ, ಖರ್ಜೂರ, ಡ್ಯೂರಿಯನ್ ಜೊತೆ ಅದಕ್ಕೆ ವಿನಾಯಿತಿ ಇದೆ. ತುಪ್ಪ, ಪೇಡ ಹಾಲಿನ ಪದಾರ್ಥ ಎಂದು ತೆಗೆದು ಬಿಸಾಡುತ್ತಾರೆ. ಹಸಿ ಕರಿಬೇವೂ ಬೇಡ. ರಾಗಿ ಹಿಟ್ಟು ಮೂರು ಕೆ.ಜಿ., ಸಾಂಬಾರ್ ಪುಡಿ ಅರ್ಧ ಕೆ.ಜಿ. ಇದ್ದರೆ ಒಂದು ಸೆಮಿಸ್ಟರ್ ನಡೆಯುತ್ತದೆ.

ಮುದ್ದೆಗೆ ಊರಿನ ಗುಂಡುತಳದ ಪಾತ್ರೆ ಒಯ್ದರೆ ಗಾಜಿನ ಒಲೆಯ ಮೇಲೆ ಕೂರುವುದೇ ಇಲ್ಲ, ಚಪ್ಪಟೆ ತಳದ್ದು ಬೇಕು. ಇಂಡಕ್ಷನ್ ಒಲೆಯಾದರೆ ಅಲ್ಯೂಮಿನಿಯಂ ಕುಕ್ಕರೂ ಕೆಲಸಕ್ಕೆ ಬಾರದು, ಇಂಡಕ್ಷನ್‌ಗೆ ಒಗ್ಗುವ ತಳದ ಸ್ಟೀಲಿನದ್ದು ಒಯ್ಯಿರಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಗಾಜಿನ ಒಲೆ ಆರಿಸಿದ ಮೇಲೂ ಬಿಸಿ ಉಳಿಸಿಕೊಳ್ಳುತ್ತದೆ, ಗ್ಯಾಸಿನ ಅಂದಾಜಿನಲ್ಲಿ ಬಿಟ್ಟರೆ ತಳ ಹಿಡಿಯುತ್ತದೆ. ಹಿಟ್ಟು ಬೇಯುವುದಕ್ಕೆ ಮೂರು ನಿಮಿಷ ಇರುವಾಗಲೇ ಸ್ವಿಚ್ ಆರಿಸಿ. ಕೋಲಿನಿಂದ ತಿರುವುವುದನ್ನು ಒಲೆಯ ಮೇಲೆ ಮಾಡಲೇಬೇಡಿ, ಪಾತ್ರೆ ಜಾರಿ ಗಾಜು ಬಿರಿದರೆ ಫಿಯಾನ್ಸಾದಲ್ಲಿ ಹಿಡಿದುಕೊಳ್ಳುತ್ತಾರೆ. ಒದ್ದೆ ಬಟ್ಟೆ ಹಾಸಿ ನೆಲಕ್ಕೆ ಇಳಿಸಿ, ಅಜ್ಜಿ ಮಾಡುತ್ತಿದ್ದ ಹಾಗೆ ಕಾಲಲ್ಲಿ ಒತ್ತಿ ಹಿಡಿದು ತಿರುವಿ. ಕೆಳಗಿನ ಮನೆಯವರಿಗೆ ಸದ್ದಾಗದಂತೆ ರಾತ್ರಿ ಹನ್ನೊಂದರೊಳಗೆ ಮುಗಿಸಿ.